ದೊಡ್ಡ ಟರ್ಮಿನಲ್ ಒಂದಲ್ಲ, ಎರಡೆರಡು ಎಕರೆಯ ನಾಲ್ಕು ಅಂಗಳ ಕೊಡಿ: ತುಮಕೂರು ಜಿಲ್ಲಾಧಿಕಾರಿಗಳಿಗೆ ಲಾರಿ ಚಾಲಕರ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ತುಮಕೂರು ಜಿಲ್ಲೆ.

ಪ್ರತಿ: ಮಹಾನಗರ ಪಾಲಿಕೆ ಆಯುಕ್ತರು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರು, ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಹಾಗೆಯೇ ಮನೆ ಮುಂದೆ ಲಾರಿ ನಿಂತು ನಿಂತು ಬೇಸತ್ತಿರುವ ನಗರದ ಎಲ್ಲ ನಾಗರಿಕರಿಗೆ.

ವಿಷಯ: ನಗರದಲ್ಲಿ ವಾಸವಿರುವ ಲಾರಿ ಚಾಲಕರು ರಾತ್ರಿ ಗಾಡಿ ನಿಲ್ಲಿಸಲು ಮನೆಗೆ ಹತ್ತಿರದಲ್ಲಿ ಜಾಗ ಗುರುತಿಸುವ ಕುರಿತು.

ಮಾನ್ಯರೇ,

ಮೊದಲು ಬೇಡಿಕೆ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಹೆದ್ದಾರಿ ಪಕ್ಕ ಊರಾಚೆ ದೊಡ್ಡ ಟ್ರಕ್ ಟರ್ಮಿನಲ್ ಕಟ್ಟುವುದಿದ್ದರೆ ಕಟ್ಟಿ, ಅದೂ ಬೇಕು. ಆದರೆ ಊರೊಳಗೆ ನಿಲ್ಲುವ ಲಾರಿಗಳ ಸಮಸ್ಯೆ ಅದರಿಂದ ಬಗೆಹರಿಯುವುದಿಲ್ಲ. ಅದಕ್ಕೆ ಬೇಕಿರುವುದು ಶಿರಾ ರಸ್ತೆ, ಗುಬ್ಬಿ ರಸ್ತೆ, ಕುಣಿಗಲ್ ರಸ್ತೆ ಮತ್ತು ಕ್ಯಾತ್ಸಂದ್ರ ಈ ನಾಲ್ಕು ದಿಕ್ಕಿನಲ್ಲಿ, ವಸತಿ ಬಡಾವಣೆಗಳಿಂದ ಎರಡು ಮೂರು ಕಿಲೋಮೀಟರ್ ಒಳಗೆ, ಎರಡೆರಡು ಎಕರೆಯ ನಾಲ್ಕು ಅಂಗಳ. ಕಟ್ಟಡ ಬೇಡ, ಕಮಾನು ಬೇಡ, ಉದ್ಘಾಟನೆಯ ಕಲ್ಲೂ ಬೇಡ. ಗಟ್ಟಿ ನೆಲ, ಬೇಲಿ, ಬೆಳಕು, ಕಾವಲು, ಶೌಚಾಲಯ ಇದ್ದರೆ ಸಾಕು.

ರಾತ್ರಿ ರಸ್ತೆ ಬದಿಯಲ್ಲಿ ಕಾಣುವ ಲಾರಿಗಳೆಲ್ಲ ಒಂದೇ ಬಗೆಯವಲ್ಲ. ಇದನ್ನು ಬೇರ್ಪಡಿಸದೆ ಮಾಡಿದ ಯಾವ ಯೋಜನೆಯೂ ನಿಲ್ಲದು. ಒಂದು ಬಗೆ, ಹಾದುಹೋಗುವ ಗಾಡಿಗಳು. ಪುಣೆ, ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಂದು, ಬೆಂಗಳೂರಿನೊಳಗೆ ಹಗಲು ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಇರುವುದರಿಂದ ಹೊತ್ತು ಕಳೆಯಲು ನಿಲ್ಲುವಂಥವು. ಅವರಿಗೆ ಸ್ನಾನ, ಊಟ, ನಾಲ್ಕಾರು ಗಂಟೆ ನಿದ್ದೆ, ಡೀಸೆಲ್ ಬೇಕು. ಹೆದ್ದಾರಿ ಟರ್ಮಿನಲ್ಲು, ತೈಲ ಕಂಪನಿಗಳು ಬಂಕ್‌ಗಳಲ್ಲಿ ತೆರೆದಿರುವ ‘ಅಪ್ನಾ ಘರ್’ ತಂಗುದಾಣಗಳು ಇವರಿಗೆ ಸರಿ. ಇನ್ನೊಂದು ಬಗೆ, ಮನೆಗೆ ಬಂದ ಗಾಡಿಗಳು. ಚಾಲಕರ ಮನೆ ಮೆಳೇಕೋಟೆಯಲ್ಲೋ ಮರಳೂರಿನಲ್ಲೋ ಉಪ್ಪಾರಹಳ್ಳಿಯಲ್ಲೋ ಇರುತ್ತದೆ. ಲೋಡು ಇಳಿಸಿ ರಾತ್ರಿ ಹನ್ನೆರಡಕ್ಕೋ ಎರಡಕ್ಕೋ ಊರು ಸೇರುತ್ತಾರೆ. ಒಂದೆರಡು ದಿನ ಬಿಟ್ಟು ಕೈಗಾರಿಕಾ ಪ್ರದೇಶಗಳಾದ ವಸಂತನರಸಾಪುರದಲ್ಲೋ ಹಿರೇಹಳ್ಳಿಯಲ್ಲೋ ಅಂತರಸನಹಳ್ಳಿಯಲ್ಲೋ ಮತ್ತೆ ಲೋಡಿಗೆ ಹೋಗುತ್ತಾರೆ. ಇವರಿಗೆ ಮಲಗಲು ಮಂಚ ಬೇಡ, ಮನೆ ಇದೆ. ಗಾಡಿಗೆ ಜಾಗ ಬೇಕು, ಗಾಡಿ ಬಿಟ್ಟು ಮನೆ ಸೇರುವ ದಾರಿ ಬೇಕು.

ವಸಂತನರಸಾಪುರ ನಗರದಿಂದ ಹದಿನೈದು ಕಿಲೋಮೀಟರಿಗೂ ದೂರ. ಅಲ್ಲಿ ನಿಲ್ಲಿಸಿ ಎನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ಖಾಲಿ ಹತ್ತು ಚಕ್ರದ ಗಾಡಿ ಲೀಟರಿಗೆ ಐದಾರು ಕಿಲೋಮೀಟರ್ ಕೊಡುತ್ತದೆ. ಮರುದಿನದ ಲೋಡು ಅದೇ ದಿಕ್ಕಿನಲ್ಲಿದ್ದರೆ ನಷ್ಟವಿಲ್ಲ. ಲೋಡು ಹಿರೇಹಳ್ಳಿಯಲ್ಲೋ ಕುಣಿಗಲ್ ಕಡೆಯೋ ಇದ್ದರೆ ಹೋಗಿಬರುವ ಮೂವತ್ತು ಕಿಲೋಮೀಟರಿಗೆ ಐದರಿಂದ ಆರು ಲೀಟರ್. ಲೀಟರಿಗೆ ತೊಂಬತ್ತು ರೂಪಾಯಿ ಎಂದರೂ ನಾನೂರೈವತ್ತರಿಂದ ಐನೂರು ನಲವತ್ತು ರೂಪಾಯಿ ಹೊಗೆಯಲ್ಲಿ ಹೋಯಿತು. ಅದಕ್ಕಿಂತ ದೊಡ್ಡ ತೊಡಕು ರಾತ್ರಿ ಎರಡು ಗಂಟೆಯದು. ಬಸ್ಸಿಲ್ಲ. ಆಟೋದವರು ಕೇಳಿದಷ್ಟು ಕೊಡಬೇಕು. ಕೊಡಲಾಗದವರು ಕ್ಯಾಬಿನ್ನಿನಲ್ಲೇ ಮಲಗುತ್ತಾರೆ, ಇಲ್ಲವೇ ಗಾಡಿಯನ್ನೇ ಮನೆ ಬೀದಿಗೆ ತರುತ್ತಾರೆ. ಎರಡನೆಯದೇ ಹೆಚ್ಚು. ಇನ್ನು ಅಂಗಳ ಕ್ಯಾತ್ಸಂದ್ರದ ಟೋಲ್ ಆಚೆ ಆದರೆ ಗಾಡಿ ನಿಲ್ಲಿಸಲು ಟೋಲ್ ಕಟ್ಟಬೇಕಾಗುತ್ತದೆ. ಅಲ್ಲಿಗೆ ಎಷ್ಟು ಚೆಂದದ ಜಾಗ ಕೊಟ್ಟರೂ ಯಾರೂ ಹೋಗುವುದಿಲ್ಲ.

ಬೀದಿಯಲ್ಲಿ ನಿಲ್ಲಿಸುವುದು ತಪ್ಪು ಎಂಬುದರಲ್ಲಿ ನಮಗೆ ತಕರಾರಿಲ್ಲ. ಬಡಾವಣೆಯ 30 ಅಡಿ ರಸ್ತೆಯಲ್ಲಿ ಲಾರಿ ಎಂಟೂವರೆ ಅಡಿ ಹಿಡಿಯುತ್ತದೆ. ಎದುರು ಬದಿಯಲ್ಲಿ ಒಂದು ಕಾರು, ಈಚೆಗೆ ವಿದ್ಯುತ್ ಕಂಬ, ಚರಂಡಿಯ ಚಪ್ಪಡಿ. ಉಳಿಯುವ ಸಂದಿಯಲ್ಲಿ ಅಗ್ನಿಶಾಮಕ ವಾಹನ ಬರುವುದೂ ಕಷ್ಟ. ನಾಗರಿಕರ ದೂರು ಹೆಚ್ಚಾಗಿ ಜಾಗದ ಬಗ್ಗೆಯೂ ಅಲ್ಲ, ಬೆಳಗಿನ ಜಾವದ ಸದ್ದಿನ ಬಗ್ಗೆ. ಅದರ ಕಾರಣ ಇಲ್ಲಿ ಬಿಡಿಸಿ ಹೇಳುವುದು ಒಳ್ಳೆಯದು. ಏರ್ ಬ್ರೇಕ್ ಗಾಡಿ ರಾತ್ರಿಯಿಡೀ ನಿಂತರೆ ಟ್ಯಾಂಕಿನಲ್ಲಿರುವ ಗಾಳಿ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಪೈಪಿನ ಜಾಯಿಂಟ್ ಹಳೆಯದಾದಷ್ಟೂ ಬೇಗ. ಗಾಳಿ ಇಳಿದ ಮೇಲೆ ಹಿಂಚಕ್ರದ ಸ್ಪ್ರಿಂಗ್ ಬ್ರೇಕ್ ಕಚ್ಚಿಕೊಳ್ಳುತ್ತದೆ. ನಾಲ್ಕು ಗಂಟೆಗೆ ಇಂಜಿನ್ ಚಾಲೂ ಮಾಡಿ, ಮೀಟರಿನಲ್ಲಿ ಗಾಳಿಯ ಒತ್ತಡ ಆರೇಳು ಬಾರ್‌ಗೆ ಏರುವ ತನಕ ಗಾಡಿ ಕದಲುವುದಿಲ್ಲ. ಐದರಿಂದ ಹತ್ತು ನಿಮಿಷ ಇಂಜಿನ್ ಸದ್ದು, ಹೊಗೆ, ಆಮೇಲೆ ರಿವರ್ಸ್ ಬಜರ್. ಚಾಲಕ ಎಷ್ಟೇ ಒಳ್ಳೆಯವರಾದರೂ ಇದನ್ನು ತಪ್ಪಿಸಲು ಆಗದು. ಈಗ ಇನ್ನೊಂದು ಸೇರಿಕೊಂಡಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಚಾಲಕರಿಗೆ ಅದು ವರವೇ. ಆದರೆ ಸಾಮಾನ್ಯ ಲಾರಿಯಲ್ಲಿ ಎಸಿ ಓಡಬೇಕಾದರೆ ಇಂಜಿನ್ ಓಡುತ್ತಿರಬೇಕು. ಬೀದಿಯಲ್ಲಿ ಗಾಡಿಯೊಳಗೇ ಮಲಗುವವರು ಹೆಚ್ಚಾದಷ್ಟೂ ರಾತ್ರಿಯಿಡೀ ಗುರುಗುಟ್ಟುವ ಗಾಡಿಗಳೂ ಹೆಚ್ಚುತ್ತವೆ.

ಅಧಿಕಾರ ಯಾರದು ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲೇ ಇದೆ. ಮೋಟಾರು ವಾಹನಗಳ ಕಾಯ್ದೆ 1988ರ 117ನೇ ಕಲಂ ಪ್ರಕಾರ, ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ, ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ವಾಹನಗಳು ನಿಲ್ಲಬಹುದಾದ ಜಾಗಗಳನ್ನು ಗೊತ್ತುಮಾಡಬಹುದು. ಅದೇ ಕಾಯ್ದೆಯ 122ನೇ ಕಲಂ ಅಪಾಯವಾಗುವಂತೆ, ಅಡ್ಡಿಯಾಗುವಂತೆ ಗಾಡಿ ಬಿಡುವುದನ್ನು ನಿಷೇಧಿಸುತ್ತದೆ. 127ನೇ ಕಲಂ, ಹತ್ತು ತಾಸು ಅಥವಾ ಅದಕ್ಕೂ ಹೆಚ್ಚು ಹೊತ್ತು ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋದ ಅಥವಾ ನಿಷೇಧವಿರುವಲ್ಲಿ ನಿಲ್ಲಿಸಿದ ಗಾಡಿಯನ್ನು ಎಳೆದೊಯ್ಯಲು ಪೊಲೀಸರಿಗೆ ಅಧಿಕಾರ ಕೊಡುತ್ತದೆ. 122 ಮತ್ತು 127 ನಮ್ಮ ಮೇಲೆ ಸಲೀಸಾಗಿ ಬಳಕೆಯಾಗುತ್ತವೆ. 117 ಕೂಡ ಅಷ್ಟೇ ಸಲೀಸಾಗಿ ಬಳಕೆಯಾಗಲಿ ಎನ್ನುವುದಷ್ಟೇ ನಮ್ಮ ಕೋರಿಕೆ. ಜಮೀನಿನ ಮಟ್ಟಿಗೆ, ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಅಡಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ತಮ್ಮ ಕಚೇರಿಯ ವ್ಯಾಪ್ತಿಯಲ್ಲೇ ಇದೆ. ಟರ್ಮಿನಲ್ ಕಟ್ಟಲೆಂದೇ ರಾಜ್ಯದಲ್ಲಿ ದೇವರಾಜ ಅರಸು ಅವರ ಹೆಸರಿನ ಟ್ರಕ್ ಟರ್ಮಿನಲ್ ನಿಗಮವೂ ಇದೆ. ಆದರೆ ಎರಡು ಎಕರೆಗೆ ಗರಸು ಹಾಕಿ ಬೇಲಿ ಬಿಗಿಯಲು ನಿಗಮದವರೆಗೆ ಕಡತ ಹೋಗಬೇಕಾಗಿಲ್ಲ.

ಜಾಗ ಹುಡುಕುವ ಮೊದಲು ಎಣಿಕೆ ಆಗಬೇಕು. ಹಗಲು ಎಣಿಸಿದರೆ ಲೆಕ್ಕ ತಪ್ಪುತ್ತದೆ, ಆಗ ಕಾಣುವುದು ಲೋಡು ಇಳಿಸಲು ಬಂದ ಗಾಡಿಗಳು. ರಾತ್ರಿ ಹನ್ನೆರಡರಿಂದ ನಾಲ್ಕರ ನಡುವೆ, ಭಾನುವಾರವೂ ಸೇರಿ ಏಳು ರಾತ್ರಿ ಎಣಿಸಬೇಕು. ಪ್ರತಿ ಗಾಡಿಗೂ ನಾಲ್ಕು ವಿವರ ಸಾಕು: ನೋಂದಣಿ ಸಂಖ್ಯೆ, ಚಕ್ರಗಳ ಸಂಖ್ಯೆ, ಖಾಲಿಯೋ ಲೋಡೋ, ನಿಂತ ಜಾಗ. ನಂಬರ್ ಪ್ಲೇಟ್ ನೋಡಿ ಕೆಎ 06 ತುಮಕೂರಿನದು, ಕೆಎ 44 ತಿಪಟೂರಿನದು, ಕೆಎ 64 ಮಧುಗಿರಿಯದು ಎಂದು ವಿಂಗಡಿಸಿ ಕೈತೊಳೆದುಕೊಳ್ಳಬಾರದು. ನಾಗಾಲ್ಯಾಂಡ್ ನೋಂದಣಿಯ ಗಾಡಿ ಓಡಿಸುವವರ ಮನೆ ಶಾಂತಿನಗರದಲ್ಲಿರಬಹುದು. ಒಂದೇ ಗಾಡಿ ಏಳರಲ್ಲಿ ಎರಡು ಮೂರು ರಾತ್ರಿ ಒಂದೇ ಕಡೆ ಕಂಡರೆ ಅದು ಮನೆಗೆ ಬಂದ ಗಾಡಿ. ಒಮ್ಮೆ ಮಾತ್ರ ಕಂಡಿದ್ದು ಬಹುಪಾಲು ಹಾದುಹೋಗುವ ಗಾಡಿ. ಬೀಟ್ ಪೊಲೀಸರ ಜೊತೆ ನಮ್ಮವರೂ ಇದ್ದರೆ ಈ ಕೆಲಸ ಒಂದು ವಾರದ್ದು. ಖರ್ಚು ಚಹಾದ್ದು.

ಜಾಗದ ಆಯ್ಕೆಯಲ್ಲಿ ಎಡವುವುದು ಸುಲಭ. ಅಂಗಳದ ಗೇಟು ನೇರವಾಗಿ ರಾಷ್ಟ್ರೀಯ ಹೆದ್ದಾರಿಗೆ ತೆರೆಯುವಂತಿದ್ದರೆ ಹೆದ್ದಾರಿ ಪ್ರಾಧಿಕಾರದ ಪ್ರವೇಶ ಅನುಮತಿ ಬೇಕು, ವೇಗ ತಗ್ಗಿಸುವ ಮತ್ತು ಹೆಚ್ಚಿಸುವ ಪಥಗಳನ್ನು ಕಟ್ಟಬೇಕು. ಜಮೀನಿಗಿಂತ ಆ ಕಡತವೇ ದುಬಾರಿ. ಸರ್ವಿಸ್ ರಸ್ತೆಗೋ ರಿಂಗ್ ರಸ್ತೆಗೋ ತೆರೆಯುವ ಜಾಗವೇ ಲೇಸು. ರಿಂಗ್ ರಸ್ತೆಯ ಅಂಚಿನಲ್ಲೇ ಬಿಳಿ ಗೆರೆ ಹಾಕಿ ಇಲ್ಲಿ ನಿಲ್ಲಿ ಎನ್ನುವುದು ಬೇಡ. ಕತ್ತಲಲ್ಲಿ ನಿಂತ ಲಾರಿಯ ಹಿಂಬದಿಗೆ ಬೈಕಿನವರು ಬಂದು ಹೊಡೆಯುವುದು ಅಂಥ ಕಡೆಯೇ. ಕೆರೆಯಂಗಳವೂ ಬೇಡ. ಮೊದಲ ಮಳೆಗೇ ಚಕ್ರ ಹೂತುಹೋಗುತ್ತದೆ, ಸೋರಿದ ಎಣ್ಣೆ ನೀರಿಗೆ ಸೇರುತ್ತದೆ, ನ್ಯಾಯಾಲಯದಿಂದ ನೋಟಿಸು ಬರುತ್ತದೆ. ಬಟವಾಡಿಯ ಎಪಿಎಂಸಿ ಪ್ರಾಂಗಣ ಎಲ್ಲರಿಗೂ ಹೊಳೆಯುವ ಹೆಸರು. ವಹಿವಾಟು ಮುಗಿದ ಮೇಲೆ ರಾತ್ರಿ ಹೊತ್ತಿಗೆ ಒಂದು ಭಾಗ ಕೊಡಲು ಕೃಷಿ ಮಾರಾಟ ಇಲಾಖೆ ಒಪ್ಪಿದರೆ ತಾತ್ಕಾಲಿಕವಾಗಿ ಅನುಕೂಲ. ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಗೆ ಮಾತ್ರ ಈ ಉಪಾಯ ಒಗ್ಗದು. ಅಲ್ಲಿ ತರಕಾರಿ ಗಾಡಿಗಳು ನುಗ್ಗುವ ಹೊತ್ತೂ ನಮ್ಮ ಗಾಡಿಗಳು ಹೊರಡುವ ಹೊತ್ತೂ ಒಂದೇ, ಬೆಳಗಿನ ಜಾವ.

ತಲೆ ಮೇಲಿನ ವಿದ್ಯುತ್ ತಂತಿಯನ್ನು ಜಂಟಿ ತಪಾಸಣೆಯಲ್ಲಿ ಯಾರೂ ನೋಡುವುದಿಲ್ಲ. ಲೋಡು ಗಾಡಿಯ ಎತ್ತರ ನಾಲ್ಕು ಮೀಟರಿನವರೆಗೆ ಇರುತ್ತದೆ. ಟಾರ್ಪಾಲು ಬಿಗಿಯಲು ಚಾಲಕ ಅದರ ಮೇಲೆ ನಿಂತರೆ ತಲೆ ಐದೂಮುಕ್ಕಾಲು ಮೀಟರಿಗೆ ಬರುತ್ತದೆ. 11 ಕೆವಿ ಲೈನು ಎರಡು ಕಂಬಗಳ ನಡುವೆ ಜೋತುಬಿದ್ದ ಜಾಗದಲ್ಲಿ ನೆಲದಿಂದ ಸುಮಾರು ಆರು ಮೀಟರ್ ಎತ್ತರದಲ್ಲಿರುತ್ತದೆ, ಬೇಸಿಗೆಯಲ್ಲಿ ಇನ್ನಷ್ಟು ಇಳಿಯುತ್ತದೆ. ಕೈ ಎತ್ತಿ ಹಗ್ಗ ಬೀಸಿದರೆ ಮುಗಿಯಿತು. ಆದ್ದರಿಂದ ಲೈನು ಹಾದುಹೋದ ಜಮೀನನ್ನು ಮೊದಲೇ ಕೈಬಿಡಿ, ಇಲ್ಲವೇ ಬೆಸ್ಕಾಂನಿಂದ ಲೈನು ಬದಲಿಸಿಕೊಂಡು ಮುಂದುವರಿಯಿರಿ. ಲೈನಿನ ಕೆಳಗೆ ನಿಲ್ಲಿಸಬೇಡಿ ಎಂಬ ಬೋರ್ಡು ತೂಗುಹಾಕಿದರೆ ಸಾಲದು. ಜಾಗ ತುಂಬಿದ ರಾತ್ರಿ ಅದರ ಕೆಳಗೂ ಗಾಡಿ ನಿಂತೇ ನಿಲ್ಲುತ್ತದೆ.

ಎರಡು ಎಕರೆಯೇ ಏಕೆ? ಒಂದು ಎಕರೆ ಎಂದರೆ 4,047 ಚದರ ಮೀಟರ್. ನಿಲ್ಲುವ ಜಾಗ, ತಿರುಗುವ ಓಣಿ, ಗೇಟು, ಶೌಚಾಲಯ ಎಲ್ಲ ಸೇರಿ ಗಾಡಿಗೆ ಸುಮಾರು 140 ಚದರ ಮೀಟರ್ ಹಿಡಿದರೆ ಎಕರೆಗೆ 28 ಗಾಡಿ. ಇನ್ನು ಖರ್ಚು. ಎಂಟು ಗಂಟೆಯ ಪಾಳಿಯಂತೆ ಮೂವರು ಕಾವಲುಗಾರರಿಗೆ ತಿಂಗಳಿಗೆ 45,000 ರೂಪಾಯಿ, ಕರೆಂಟು ನೀರಿಗೆ 8,000, ಶೌಚಾಲಯ ಶುಚಿಗೆ 10,000, ಗರಸು ತೇಪೆ, ಕ್ಯಾಮೆರಾ, ಬೇಲಿ ರಿಪೇರಿಗೆ 12,000. ಒಟ್ಟು 75,000 ಎಂಬುದು ನಮ್ಮ ಅಂದಾಜು. ರಾತ್ರಿಗೆ 50 ರೂಪಾಯಿಯಂತೆ ತಿಂಗಳ ಪಾಸು 1,500. ಒಂದು ಎಕರೆಯ ಅಂಗಳದಲ್ಲಿ 28 ಪಾಸಿಗೆ 42,000 ಮಾತ್ರ ಬರುತ್ತದೆ. ಮೂರನೇ ತಿಂಗಳಿಗೆ ಕಾವಲುಗಾರ ಮಾಯ, ನಾಲ್ಕನೆಯದಕ್ಕೆ ದೀಪ ಮಾಯ. ಎರಡು ಎಕರೆಯಾದರೆ ಕಾವಲು ಅಷ್ಟೇ, ಖರ್ಚು ಹೆಚ್ಚುಕಡಿಮೆ ಅಷ್ಟೇ. 55 ಗಾಡಿಗೆ 82,500. ಅಂಗಳ ತನ್ನ ಕಾಲ ಮೇಲೆ ನಿಲ್ಲುವ ಅತಿ ಸಣ್ಣ ಅಳತೆ ಇದು. ನಾಲ್ಕು ಎಕರೆ ಸಿಕ್ಕರೆ ಬೇಡ ಎನ್ನುವುದಿಲ್ಲ, ಆದರೆ ಮನೆಗಳಿಗೆ ಹತ್ತಿರ ನಾಲ್ಕು ಎಕರೆ ಸಿಗುವುದು ಅಪರೂಪ. ಅಷ್ಟು ದೊಡ್ಡ ಜಾಗ ಹುಡುಕುತ್ತ ಹೋದಂತೆ ಜಾಗ ಊರಿಂದಾಚೆ ಜಾರುತ್ತದೆ.

ಹಾಗೆ ನೋಡಿದರೆ 55 ಅಂಕಣಕ್ಕೆ, ಅಂದರೆ ಗೆರೆ ಎಳೆದ 55 ಗಾಡಿಯ ಜಾಗಕ್ಕೆ, 75 ಪಾಸು ಕೊಟ್ಟರೂ ನಡೆಯುತ್ತದೆ. ದೂರದ ಲೈನಿನ ಗಾಡಿಗಳು ವಾರದಲ್ಲಿ ಮೂರು ನಾಲ್ಕು ರಾತ್ರಿ ಊರಲ್ಲೇ ಇರುವುದಿಲ್ಲ. ಅಂಕಣಕ್ಕೆ ನಂಬರ್ ಹಾಕಿ ಇಂತಿಂಥವರದ್ದೇ ಎಂದು ಬರೆದುಕೊಟ್ಟರೆ ಅರ್ಧ ಜಾಗ ಖಾಲಿ ಬಿದ್ದಿದ್ದು, ಹೊರಗೆ ಗಾಡಿಗಳು ಕಾಯುತ್ತಿರುತ್ತವೆ. ಬಂದವರು ಖಾಲಿ ಇದ್ದ ಕಡೆ ನಿಲ್ಲಲಿ. ಆಯುಧಪೂಜೆಯ ಎರಡು ದಿನ ಮಾತ್ರ ಈ ಲೆಕ್ಕ ಕೆಡುತ್ತದೆ. ಅಂದು ಎಲ್ಲ ಗಾಡಿಗಳೂ ತೊಳೆದು, ಬಾಳೆಕಂದು ಕಟ್ಟಿಸಿಕೊಂಡು ಊರಲ್ಲೇ ಇರುತ್ತವೆ. ಯುಗಾದಿಗೆ ಸ್ವಲ್ಪ ಕಡಿಮೆ. ಶಿವರಾತ್ರಿ ಸುಮಾರಿಗೆ ಸಿದ್ಧಗಂಗೆ ಜಾತ್ರೆಯಾದಾಗ ಕ್ಯಾತ್ಸಂದ್ರ ಕಡೆ ದನ ತರುವ ಗಾಡಿಗಳೂ ಸೇರಿಕೊಳ್ಳುತ್ತವೆ. ಈ ದಿನಗಳಿಗೆ ಹೆಚ್ಚುವರಿ ಮೈದಾನವೊಂದನ್ನು ಮುಂಚೆಯೇ ಹೇಳಿಟ್ಟಿದ್ದರೆ ಸಾಕು.

ನಕ್ಷೆಯ ವಿಚಾರಕ್ಕೆ ಬಂದರೆ, ಗೆರೆ ಎಳೆಯುವವರು ಕಾರಿನ ಲೆಕ್ಕದಲ್ಲಿ ಎಳೆದುಬಿಟ್ಟರೆ ಮತ್ತೆ ಸರಿಪಡಿಸಲಾಗದು. ಹನ್ನೆರಡು ಚಕ್ರದ ಗಾಡಿಯವರೆಗೆ ಒಂದು ಅಂಕಣ 12 ಮೀಟರ್ ಉದ್ದ, 3.5 ಮೀಟರ್ ಅಗಲ ಇರಬೇಕು. ಗಾಡಿಯ ಅಗಲ 2.6 ಮೀಟರಿನವರೆಗೆ ಇರುತ್ತದೆ; ಉಳಿದ ತೊಂಬತ್ತು ಸೆಂಟಿಮೀಟರ್ ಬಾಗಿಲು ತೆರೆದು ಇಳಿಯಲು, ಕನ್ನಡಿ ತಾಗದಿರಲು. ಅಂಕಣಗಳು 45 ಡಿಗ್ರಿ ಓರೆಯಾಗಿದ್ದರೆ 10 ಮೀಟರಿನ ಏಕಮುಖ ಓಣಿ ಸಾಕಾಗುತ್ತದೆ. ನೇರ ಅಂಕಣ ಮಾಡಿದರೆ ಓಣಿ ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ಉದಾಹರಣೆಗೆ ರಸ್ತೆಗೆ 60 ಮೀಟರ್ ಮುಖ, ಒಳಕ್ಕೆ 135 ಮೀಟರ್ ಆಳದ ಜಾಗ ಎಂದುಕೊಳ್ಳಿ, ಅದು ಎರಡು ಎಕರೆ. ಓರೆಯಾಗಿ ನಿಂತ ಒಂದು ಸಾಲು 11 ಮೀಟರ್ ಹಿಡಿಯುತ್ತದೆ. ನಡುವೆ ಬೆನ್ನಿಗೆ ಬೆನ್ನು ಎರಡು ಸಾಲು, ಒಂದು ಗೋಡೆ ಬದಿ ಇನ್ನೊಂದು ಸಾಲು, ಎರಡು ಓಣಿ: ಒಟ್ಟು 53 ಮೀಟರ್. ಉಳಿದ ಏಳರಲ್ಲಿ ಚರಂಡಿ, ಮರ, ಇನ್ನೊಂದು ಗೋಡೆಗುಂಟ ನಾಲ್ಕು ಟ್ರೇಲರ್‌ಗಳಿಗೆ 22 ಮೀಟರ್ ಉದ್ದದ ಜಾಗ. ಸಾಲಿಗೆ ಇಪ್ಪತ್ತು ಗಾಡಿ ಬಂದರೂ ಕಚೇರಿ, ಶೌಚಾಲಯ ಕಳೆದು 55 ಉಳಿಯುತ್ತದೆ.

ಒಳಗೆ ಬರುವ ಗೇಟು ರಸ್ತೆಯಿಂದ ನೋಡಿದರೆ ಎಡಕ್ಕೆ, ಹೊರಗೆ ಹೋಗುವುದು ಬಲಕ್ಕೆ ಇರಲಿ. ಆಗ ಗಾಡಿಗಳು ಒಳಗೆ ಬಲಕ್ಕೆ ಸುತ್ತುತ್ತವೆ, ನಡುವಿನ ಎರಡು ಸಾಲೂ ಚಾಲಕರ ಬಲಗಡೆಗೇ ಬರುತ್ತವೆ. ನಮ್ಮ ಗಾಡಿಗಳಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಬಲಕ್ಕೆ ಹಿಂದೆ ತೆಗೆಯುವಾಗ ಕಿಟಕಿಯಿಂದ ತಲೆ ಹೊರಹಾಕಿದರೆ ಹಿಂಚಕ್ರ ಕಾಣುತ್ತದೆ. ಎಡಕ್ಕೆ ತೆಗೆದರೆ ಕನ್ನಡಿಯೊಂದೇ ಗತಿ. ಕ್ಲೀನರ್ ಇಲ್ಲದೆ ಒಬ್ಬರೇ ಓಡಿಸುವ ಗಾಡಿಗಳು ಈಗ ಎಷ್ಟೋ ಇವೆ. ಹಿಂದಕ್ಕೆ ತೆಗೆದು ನಿಲ್ಲಿಸಿ ಮುಂದಕ್ಕೆ ಹೊರಡುವುದು ಕಡ್ಡಾಯವಾಗಲಿ, ಬೆಳಗಿನ ಜಾವದ ಬಜರ್ ಅಷ್ಟರಿಂದಲೇ ನಿಲ್ಲುತ್ತದೆ. ಬೆನ್ನಿಗೆ ಬೆನ್ನು ಸಾಲಿನಲ್ಲಿ ಹಿಂಚಕ್ರ ತಡೆಯಲು ಅರ್ಧ ಅಡಿ ಎತ್ತರದ ಕಾಂಕ್ರೀಟ್ ಕಟ್ಟೆ ಬೇಕು. ಗೇಟು ಒಂದೊಂದೂ 4.5 ಮೀಟರಿಗೆ ಕಡಿಮೆ ಬೇಡ. ಗೇಟಿನ ಮೇಲೆ ಹೆಸರಿನ ಕಮಾನು ಬೇಡ ಎಂದು ಮೊದಲೇ ಹೇಳಿದ್ದು ತಮಾಷೆಗಲ್ಲ, ಕಂಟೇನರ್ ಗಾಡಿ ನಾಲ್ಕೂವರೆ ಮೀಟರಿನವರೆಗೂ ಎತ್ತರ ಇರುತ್ತದೆ.

ನೆಲಕ್ಕೆ ಡಾಂಬರು ಹಾಕಬೇಡಿ. ಹಿಂದಿನ ಒಂದು ಆಕ್ಸಲ್ ಮೇಲೆ 11.5 ಟನ್ ತನಕ ಭಾರವಿರಲು ಕಾನೂನೇ ಬಿಡುತ್ತದೆ. ಅಷ್ಟು ಭಾರ ಒಂದೇ ಜಾಗದಲ್ಲಿ ಎರಡು ದಿನ ನಿಂತರೆ ಏಪ್ರಿಲ್ ಬಿಸಿಲಿಗೆ ಡಾಂಬರು ಒತ್ತಿ ಗುಳಿಯಾಗುತ್ತದೆ. ಮೇಲಿಂದ ತೊಟ್ಟಿಕ್ಕುವ ಡೀಸೆಲ್ ಡಾಂಬರನ್ನೇ ಕರಗಿಸುತ್ತದೆ. ಪೂರಾ ಕಾಂಕ್ರೀಟ್ ಮಾಡಲು ಹಣ ಸಾಲದು. ಮೇಲ್ಮಣ್ಣು ತೆಗೆದು, ರೋಲರ್ ಹೊಡೆದು, 20 ಸೆಂಟಿಮೀಟರ್ ಗರಸು, ಅದರ ಮೇಲೆ 20 ಸೆಂಟಿಮೀಟರ್ ವೆಟ್ ಮಿಕ್ಸ್ (ನೀರು ಬೆರೆಸಿ ಕಲಸಿದ ಜಲ್ಲಿ, ಜಲ್ಲಿಪುಡಿ) ಹಾಕಿದರೆ ಮೊದಲ ಕೆಲವು ವರ್ಷಕ್ಕೆ ಸಾಕು. ಗಾಡಿ ಓಡಾಡುವ 6,500 ಚದರ ಮೀಟರಿಗೆ ಒಂದೊಂದು ಪದರಕ್ಕೂ 1,300 ಘನ ಮೀಟರ್ ಬೇಕಾಗುತ್ತದೆ. ಗರಸನ್ನು ಒಂದೇ ಸಲ ಸುರಿದು ರೋಲರ್ ಓಡಿಸಿದರೆ ಮೇಲಷ್ಟೇ ಗಟ್ಟಿ, ಕೆಳಗೆ ಸಡಿಲ. ಎರಡು ಪದರವಾಗಿ, ನೀರು ಹಾಕಿ ಒತ್ತಬೇಕು. ಕಾಂಕ್ರೀಟ್ ಬೇಕಿರುವುದು ಎರಡೇ ಕಡೆ. ಗಾಡಿ ಪೂರ್ತಿ ಹೊರಳಿ ತಿರುಗುವ ಮೂಲೆಗಳಲ್ಲಿ ಒಂದು, ಗೇಟಿನಿಂದ ಒಳಕ್ಕೆ 15 ಮೀಟರ್ ಇನ್ನೊಂದು. ಗೇಟಿನ ಕಾಂಕ್ರೀಟ್ ಬಿಟ್ಟರೆ ಮಳೆಗಾಲದಲ್ಲಿ ಟೈರಿಗೆ ಮೆತ್ತಿದ ಕೆಂಪು ಮಣ್ಣು ರಸ್ತೆಗೆ ಬರುತ್ತದೆ, ಸ್ಕೂಟರಿನವರು ಜಾರಿ ಬೀಳುತ್ತಾರೆ, ಮಾರನೇ ದಿನ ಅಂಗಳ ಮುಚ್ಚಿ ಎಂಬ ಅರ್ಜಿ ತಮ್ಮ ಮೇಜಿನ ಮೇಲಿರುತ್ತದೆ.

ನೀರು ಹರಿಯಲು ಐವತ್ತಕ್ಕೆ ಒಂದರಂತೆ ಇಳಿಜಾರು ಇರಲಿ. ಅದು ಗಾಡಿಯ ಅಡ್ಡಕ್ಕೆ ಇರಬೇಕು, ಉದ್ದಕ್ಕೆ ಅಲ್ಲ. ಉದ್ದಕ್ಕಿದ್ದರೆ ಬ್ರೇಕ್ ಕೈಕೊಟ್ಟ ಗಾಡಿ ತಾನಾಗಿ ಉರುಳುತ್ತದೆ. ಚರಂಡಿ ಹೊರಗೆ ಸೇರುವ ಮುನ್ನ ಮೂರು ಕೋಣೆಯ ಸಣ್ಣ ತೊಟ್ಟಿ ಕಟ್ಟಿ, ಮೇಲೆ ತೇಲುವ ಎಣ್ಣೆಯನ್ನು ತಿಂಗಳಿಗೊಮ್ಮೆ ತೆಗೆಸಬೇಕು. ಆಯಿಲ್ ಬದಲಿಸುವುದು, ಗ್ರೀಸ್ ಹೊಡೆಯುವುದು, ವೆಲ್ಡಿಂಗ್ ಇವು ಅಂಗಳದೊಳಗೆ ಬೇಡವೇ ಬೇಡ. ನೆರಳಿಗೆ ಬೇಲಿಗುಂಟ ಹೊಂಗೆ, ಬೇವು ನೆಡಿ. ಕಲ್ಪತರು ನಾಡು ಎಂದು ತೆಂಗು ನೆಟ್ಟರೆ ವಿಂಡ್‌ಶೀಲ್ಡಿನ ಖರ್ಚು ಯಾರು ಕೊಡಬೇಕು?

ಕಾವಲು ಇಲ್ಲದ ಅಂಗಳ ಕಳ್ಳರಿಗೆ ಮಾಡಿಕೊಟ್ಟ ಉಪಕಾರ. ಹೋಗುವುದು ಮೊದಲು ಟ್ಯಾಂಕಿನ ಡೀಸೆಲ್, ಆಮೇಲೆ ಬ್ಯಾಟರಿ, ಸ್ಟೆಪ್ನಿ, ಟಾರ್ಪಾಲು, ಹಗ್ಗ. ಹೊಸ ಗಾಡಿಗಳಲ್ಲಿ ಇಂಜಿನ್ ನಿಯಂತ್ರಿಸುವ ಇಸಿಎಂ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೇ ಬಿಚ್ಚಿಕೊಂಡು ಹೋಗುತ್ತಾರೆ. ಅದಿಲ್ಲದೆ ಗಾಡಿ ಚಾಲೂ ಆಗುವುದೇ ಇಲ್ಲ, ಹೊಸದು ಬರುವವರೆಗೆ ದಿನಗಟ್ಟಲೆ ಬಾಡಿಗೆ ಹೋಯಿತು. 24 ವೋಲ್ಟ್ ಗಾಡಿಗೆ ಎರಡು ಬ್ಯಾಟರಿ, ಎರಡೂ ಸೇರಿ ಇಪ್ಪತ್ತು ಸಾವಿರದ ಮೇಲೆ. ಹಾಗಾಗಿ ತಿಂಗಳಿಗೆ 1,500 ಕೊಡಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ, ಕಾವಲು ನಿಜವಾಗಿ ಇದ್ದರೆ. ಕ್ಯಾಮೆರಾ ಗೇಟಿನಲ್ಲಿ ನಂಬರ್ ಪ್ಲೇಟಿನ ಎತ್ತರಕ್ಕೆ ಇರಬೇಕು. ಕಂಬದ ತುದಿಯ ಕ್ಯಾಮೆರಾದಲ್ಲಿ ಕಾಣುವುದು ಟಾರ್ಪಾಲಿನ ಬಣ್ಣ ಮಾತ್ರ. ದೀಪ ಒಂದೇ ಎತ್ತರದ ಕಂಬದಲ್ಲಿ ನಡುವೆ ಬೇಡ, ಗಾಡಿಗಳ ನೆರಳು ಸಾಲಿನ ನಡುವೆ ಬಿದ್ದು ಕಳ್ಳರಿಗೆ ಮರೆಯಾಗುತ್ತದೆ. ನಾಲ್ಕು ಮೂಲೆಯಿಂದ ಬೆಳಕು ಬೀಳಲಿ.

ಬೆಂಕಿಯ ಬಗ್ಗೆಯೂ ಒಂದು ಮಾತು. 2020ರಿಂದ ಬಂದಿರುವ, ಬಿಎಸ್ 6 ಎಂಬ ಹೊಗೆ ನಿಯಮದ ಗಾಡಿಗಳಲ್ಲಿ ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಂಡಾಗ ನಿಂತಲ್ಲೇ ಇಂಜಿನ್ ಏರಿಸಿ ಮಸಿ ಸುಡಬೇಕಾಗುತ್ತದೆ. ಅರ್ಧ ಗಂಟೆ ಆಸುಪಾಸು ಹಿಡಿಯುತ್ತದೆ, ಸೈಲೆನ್ಸರ್ ಕೆಂಡದಂತೆ ಕಾಯುತ್ತದೆ. ಕೆಳಗೆ ಒಣ ಹುಲ್ಲಿದ್ದರೆ ಹತ್ತಿಕೊಳ್ಳುತ್ತದೆ. ತೆಂಗಿನ ನಾರು, ಹತ್ತಿ, ಹುಲ್ಲು ತುಂಬಿದ ಗಾಡಿಗಳ ಸಾಲು ಬೇರೆಯೇ ಇರಲಿ, ಈ ಕೆಲಸಕ್ಕೆ ಗೇಟಿನ ಬಳಿಯ ಕಾಂಕ್ರೀಟ್ ಜಾಗ ಮೀಸಲಿರಲಿ. ಪೆಟ್ರೋಲ್, ಗ್ಯಾಸ್, ರಾಸಾಯನಿಕದ ಟ್ಯಾಂಕರ್‌ಗಳಿಗೆ, ಖಾಲಿಯಾಗಿದ್ದರೂ, ಈ ಅಂಗಳಗಳಲ್ಲಿ ಪ್ರವೇಶ ಬೇಡ. ಖಾಲಿ ಟ್ಯಾಂಕರಿನೊಳಗೆ ಉಳಿದ ಆವಿಯೇ ಹೆಚ್ಚು ಅಪಾಯ. ಅವಕ್ಕೆ ಊರಾಚೆಯ ಟರ್ಮಿನಲ್ಲೇ ಸರಿ.

ಖಾಸಗಿ ಜಾಗದವರೂ ಮುಂದೆ ಬರಬಹುದು. ರಿಂಗ್ ರಸ್ತೆ ಬದಿಯಲ್ಲಿ ಮುಚ್ಚಿದ ಅಕ್ಕಿ ಗಿರಣಿ, ಲೇಔಟ್ ಆಗದೆ ಬಿದ್ದಿರುವ ಜಮೀನು ಇವೆ. ಕೃಷಿ ಜಮೀನಾದರೆ ಭೂಪರಿವರ್ತನೆ ಬೇಕು, ಅಲ್ಲಿಗೇ ಎಲ್ಲರೂ ಕೈಬಿಡುತ್ತಾರೆ. ಕಟ್ಟಡ ಕಟ್ಟದೆ ಕೇವಲ ಲಾರಿ ನಿಲುಗಡೆಗೆ, ಗೊತ್ತಾದ ಅವಧಿಗೆ ಬಳಸುವವರಿಗೆ ನಗರಾಭಿವೃದ್ಧಿ ಪ್ರಾಧಿಕಾರ ಯಾವ ದಾರಿ ಕೊಡಬಹುದು ಎಂಬುದನ್ನು ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದರೆ ಜಮೀನಿನವರು ತಾವಾಗಿಯೇ ಬರುತ್ತಾರೆ. ಹರಾಜು ಹಾಕಿ ಹೆಚ್ಚು ಕೂಗಿದವರಿಗೆ ಗುತ್ತಿಗೆ ಕೊಡುವ ಪದ್ಧತಿ ಮಾತ್ರ ಇಲ್ಲಿ ಬೇಡ. ಹೆಚ್ಚು ಕೂಗಿದವರು ಅದನ್ನು ವಸೂಲು ಮಾಡಲು ರಾತ್ರಿಗೆ 150 ಕೇಳುತ್ತಾರೆ, ಗಾಡಿಗಳು ಮತ್ತೆ ಬೀದಿಗೆ ಬರುತ್ತವೆ. ದರವನ್ನು ಮೊದಲೇ ನಿಗದಿ ಮಾಡಿ, ಆ ದರಕ್ಕೆ ಯಾರು ಹೆಚ್ಚು ಸೌಕರ್ಯ ಕೊಡುತ್ತಾರೆ ಎಂಬುದರ ಮೇಲೆ ಟೆಂಡರ್ ಕರೆಯಿರಿ. ಪಾಸು ಕೊಡುವಾಗ ನೋಡಬೇಕಾದ್ದು ಚಾಲಕರ ವಾಸದ ವಿಳಾಸ, ಮಾಲೀಕರದ್ದಲ್ಲ. ಇಲ್ಲದಿದ್ದರೆ ಇಪ್ಪತ್ತು ಗಾಡಿಯ ಟ್ರಾನ್ಸ್‌ಪೋರ್ಟಿನವರೊಬ್ಬರೇ ಅಂಗಳವನ್ನು ತಮ್ಮ ಗೋಡೌನ್ ಮಾಡಿಕೊಳ್ಳುತ್ತಾರೆ.

ನಾಗರಿಕರಿಗೆ ನಮ್ಮ ಕಡೆಯಿಂದ: ಅಂಗಳ ತೆರೆದ ಮೇಲೆ ಆ ದಿಕ್ಕಿನ ಬಡಾವಣೆಯಲ್ಲಿ ಲಾರಿ ನಿಂತರೆ ಅದನ್ನು ಎತ್ತಿಸಲು ನಾವು ಅಡ್ಡ ಬರುವುದಿಲ್ಲ. ಚಕ್ರಕ್ಕೆ ಒಡ್ಡಿದ ಕಲ್ಲನ್ನು ರಸ್ತೆ ನಡುವೆಯೇ ಬಿಟ್ಟುಹೋಗುವ ಕೆಟ್ಟ ಅಭ್ಯಾಸ ನಮ್ಮವರಲ್ಲಿದೆ, ರಾತ್ರಿ ಬೈಕಿನವರ ಪ್ರಾಣ ತೆಗೆಯುವುದು ಅದು. ಪಾಸಿನ ಜೊತೆ ಹಗ್ಗ ಕಟ್ಟಿದ ಒಂದು ಜೊತೆ ಮರದ ಅಡ್ಡೆ ಗಾಡಿಯಲ್ಲಿರಲೇಬೇಕು ಎಂಬ ಷರತ್ತು ಹಾಕಿ, ನಾವು ಒಪ್ಪುತ್ತೇವೆ. ಹಿಂದಿನ ಪ್ರತಿಫಲಕ ಪಟ್ಟಿ ಕಿತ್ತುಹೋದ ಗಾಡಿಗೆ ಪಾಸು ನವೀಕರಿಸಬೇಡಿ, ಅದಕ್ಕೂ ಒಪ್ಪಿಗೆ.

ಕ್ರಮ ಹಿಂದುಮುಂದಾಗದಿರಲಿ. ಮೊದಲು ನಿಷೇಧದ ಬೋರ್ಡು ನೆಟ್ಟು ಆಮೇಲೆ ಜಾಗ ಹುಡುಕಿದರೆ, ನಡುವಿನ ತಿಂಗಳುಗಳಲ್ಲಿ ಗಾಡಿಗಳು ಬೀದಿ ಬಿಟ್ಟು ರಿಂಗ್ ರಸ್ತೆಯ ಕತ್ತಲಿಗೆ ಹೋಗುತ್ತವೆ, ಅಪಘಾತ ಅಲ್ಲಿ ಆಗುತ್ತದೆ. ಏಳು ರಾತ್ರಿಯ ಎಣಿಕೆ, ಆಮೇಲೆ ತಹಶೀಲ್ದಾರ್, ಪಾಲಿಕೆ ಇಂಜಿನಿಯರ್, ಸಂಚಾರ ಪೊಲೀಸ್, ಆರ್‌ಟಿಒ, ಬೆಸ್ಕಾಂ ಸೇರಿ ಜಂಟಿ ತಪಾಸಣೆ, ಶಿರಾ ರಸ್ತೆಯ ಒಂದೇ ಅಂಗಳ ಮೂರು ತಿಂಗಳು ಪ್ರಯೋಗಕ್ಕೆ, ಅಲ್ಲಿ ಕಂಡ ತಪ್ಪು ತಿದ್ದಿಕೊಂಡು ಉಳಿದ ಮೂರು. ಪ್ರತಿ ಅಂಗಳ ತೆರೆದ ಮೇಲಷ್ಟೇ ಆ ದಿಕ್ಕಿನ ಬಡಾವಣೆಗಳಿಗೆ ನಿಷೇಧ. ಮುಂದಿನ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಿ, ನಮ್ಮಲ್ಲಿ ಇಬ್ಬರನ್ನು ಕರೆಯಬೇಕೆಂದು ಕೋರುತ್ತೇವೆ. ಜಂಟಿ ತಪಾಸಣೆಯ ದಿನ ಒಂದು ಹತ್ತು ಚಕ್ರದ ಖಾಲಿ ಗಾಡಿ, ಒಂದು ಟ್ರೇಲರ್, ಸುಣ್ಣದ ಪುಡಿ ಮತ್ತು ಅಳತೆ ಟೇಪು ನಾವು ತರುತ್ತೇವೆ. ನೆಲದ ಮೇಲೆ ಗೆರೆ ಎಳೆದು ಗಾಡಿ ತಿರುಗಿಸಿ ನೋಡಿದ ಮೇಲೆಯೇ ನಕ್ಷೆಗೆ ಸಹಿಯಾಗಲಿ.

ಇಂತಿ,
ತುಮಕೂರು ನಗರದ ಲಾರಿ ಚಾಲಕರು ಮತ್ತು ಒಂದೆರಡು ಗಾಡಿಯ ಸಣ್ಣ ಮಾಲೀಕರು